ಹುಸೇನಪ್ಪ ಕೂಗಿದ್ದು

ಲಿಂಗಸುಗೂರು ಮುನ್ಸೀಫ್ ಕೋರ್ಟಿನಾಗ ಮೂವತ್ತೊಂದು ವರ್ಷ
ನನ್ನ ಕೆಲಸ ಇಷ್ಟ: ಹೆಸರು ಹಿಡಿದು ಮೂರು ಸಲ ಕೂಗೋದು,
ಬಂದವರಿಗೆ ಪ್ರಮಾಣ ಹೇಳಿಸೋದು.
'ದೇವರ ಮುಂದ ಖರೇನ ಹೇಳ್ತೀನಿ' ಅಂತ
ಎಷ್ಟು ಸಾವಿರ ಬಾಯಿಗೆ ತುತ್ತು ಇಟ್ಟಂಗ ಇಟ್ಟೀನೋ.
ನುಂಗಿದವರೆಷ್ಟು, ಹೊರಗ ಹೋಗಿ ಉಗುಳಿದವರೆಷ್ಟು
ಬೇವಿನ ಗಿಡಕ್ಕ ಗೊತ್ತು.

ಸಣ್ಣೆಪ್ಪ ಚಿತ್ರಗಾರ ಸಾಹೇಬ್ರು ಬಂದಾಗ
ಮೀಸಿ ಇನ್ನೂ ಪೂರಾ ಬಲಿತಿರಲಿಲ್ಲ.
ಕಿನ್ನಾಳದವರು. ಅವರಪ್ಪ ಗೊಂಬಿಗೆ ಬಣ್ಣ ಹಚ್ಚಿ ಹಚ್ಚಿ
ಕಣ್ಣು ಕಳಕೊಂಡಾತ.
ವಕೀಲರು ಸುತ್ತು ಹಾಕಿದರ ಪೆನ್ನಿನ ತುದೀಲೆ ಮೇಜು ಬಡಿಯೋರು:
'ಹೌದೋ, ಅಲ್ಲೋ, ಅಷ್ಟು ಹೇಳ್ರಿ.'
ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ,
ಬಾಗಿಲು ಮುಂದ ಮಾಡ್ಕೊಂಡು ಒಬ್ರ ಉಣ್ಣೋರು.
ನಾಕು ವರ್ಷ ಯಾರ ಮನಿ ಚಾನೂ ಕುಡೀಲಿಲ್ಲ.

ಹಟ್ಟಿಯ ದುರುಗಮ್ಮನ ದಾವೆ ಆಗ ಬಂತು.
ಗಂಡ ಗಣಿಯೊಳಗ ಸತ್ತಾನಂತಾಳ ಆಕಿ,
ಆ ಪಾಳಿಗೆ ಅವ ಇಳಿದೇ ಇಲ್ಲಂತಾರ ಕಂಪನಿಯೋರು.
ಸಾಹೇಬ್ರು ಫೈಲು ಮುಚ್ಚಿ, 'ಹುಸೇನಪ್ಪ, ನಡಿ' ಅಂದ್ರು.
ಹಣಿಗೆ ದೀಪ ಕಟ್ಟಿಕೊಂಡು, ಕಬ್ಬಿಣದ ತೊಟ್ಟಿಲಿನಾಗ ನಿಂತು
ಇಬ್ಬರೂ ಕತ್ತಲಿಗೆ ಇಳಿದ್ವಿ.
ಎರಡು ಸಾವಿರ ಅಡಿ ಕೆಳಗ ಕಲ್ಲಿಗೂ ಬೆವರು.
ಗ್ವಾಡಿ ಮ್ಯಾಲ ಸೀಮೆಸುಣ್ಣದಾಗ ಬರದ ಒಂದು ನಂಬರು,
ಅವನ ಟೋಕನ್ನಿಂದ.
ಸಾಹೇಬ್ರು ಅದನ್ನ ಬೆರಳಿಲೆ ಮುಟ್ಟಲಿಲ್ಲ,
ಅಳಿಸೀತಂತ.

ಫೈಸಲಾ ಓದಿದ್ರು:
ಈಕಿ ಹೇಳೋದು ಖರೆ ಅದ. ಆದ್ರ ದಾವೆ ಹಾಕೋದ್ರಾಗ
ಹನ್ನೊಂದು ದಿನ ತಡ ಆಗ್ಯದ.
ವಜಾ.
ದುರುಗಮ್ಮ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು.
ನಾ ಮುಂದಿನ ಹೆಸರು ಕೂಗಿದೆ.

ಆಮ್ಯಾಲ ರಾಯಚೂರು, ಬಳ್ಳಾರಿ, ಹೈಕೋರ್ಟು.
ಪೇಪರಿನಾಗ ಅವರ ಫೋಟೊ ಅಂಚೆಚೀಟಿಯಷ್ಟಿದ್ದದ್ದು
ಅಂಗೈಯಷ್ಟಾತು.
ಕೊನಿಗೆ ದೂರದ ಗುಡ್ಡಗಾಡಿನ ಯಾವುದೋ ರಾಜ್ಯಕ್ಕ
ರಾಜ್ಯಪಾಲರು.

ಟೀವಿಯಾಗ ನೋಡಿದೆ.
ಬಿಳಿ ಉಡುಪಿನ ಎತ್ತರದ ಹುಡುಗ ಹಿಂದ,
ಮಂತ್ರಿ ಆಗೋನು ಮುಂದ.
ಸಾಹೇಬ್ರು 'ನಾನು' ಅಂದ್ರು, ಅಲ್ಲಿಯ ಭಾಷಾದಾಗ. ಅಷ್ಟ.
ಉಳಿದದ್ದೆಲ್ಲ ಆ ಮನುಷ್ಯ ಓದಿದ.
ಮತ್ತೊಬ್ಬ ಬಂದ. 'ನಾನು.'
ಹನ್ನೆರಡು ಸಲ ಬಾಯಿ ತೆಗೆದು ಹನ್ನೆರಡು ಸಲ ಮುಚ್ಚಿದ್ರು.
'ನನ್ನ ಕೆಲಸ ಇವರಿಗೆ ಕೊಟ್ಟಾರಲ್ಲೇ' ಅಂದೆ ಹೆಂಡತಿಗೆ.
ಆಕಿ ನಕ್ಕಳು. ನನಗ ನಗು ಬರಲಿಲ್ಲ.

ಹೊಸ ಕಟ್ಟಡದ ಉದ್ಘಾಟನಾಕ್ಕ ಬಂದಾಗ ನನ್ನ ಕರೆಸಿದ್ರು.
ಪೋಲೀಸರನ್ನ ಹೊರಗ ನಿಲ್ಲಿಸಿ ಹಳೆ ಕೋಣಿಗೆ ಹೊಕ್ಕರು.
ಪೀಠ ಕಿತ್ತು ಒಯ್ದಿದ್ರು, ಗ್ವಾಡಿಗೆ ಅದರ ಅಚ್ಚು ಉಳದಿತ್ತು.
'ಅಲ್ಲಿ ಸಹಿ ಎಲ್ಲಿ ಹಾಕಬೇಕಂತ ಚೀಟಿ ಅಂಟಿಸಿರ್ತಾರ, ಹುಸೇನಪ್ಪ.
"ನನ್ನ ಸರಕಾರ" ಅಂತ ಒಂದು ತಾಸು ಓದ್ತೀನಿ,
ಒಂದು ಅಕ್ಷರ ನಂದಲ್ಲ.
ಒಮ್ಮೆ ಒಂದು ಕಾಗದ ವಾಪಸ್ ಕಳಿಸಿದೆ, ಹಂಗ ತಿರುಗಿ ಬಂತು.
ಎರಡನೇ ಸಲಕ್ಕ ಹಾಕಲೇಬೇಕು. ಕಾಯ್ದೆ.'
ಸ್ವಲ್ಪ ಹೊತ್ತು ಬಿಟ್ಟು:
'ಆ ಹಟ್ಟಿಯಾಕಿ?'

ಆಕಿ ಹೋಗಿ ಒಂಬತ್ತು ವರ್ಷ.
ಹೇಳಬೇಕಂತ ನೋಡಿದರ ಸಾಹೇಬ್ರು
ಕಟಕಟೆ ಇದ್ದ ಜಾಗದಾಗ ನಿಂತಿದ್ರು, ಕೋಟಿನ ಗುಂಡಿ ಹಾಕ್ಕೊಂಡು.
'ಕೂಗು' ಅಂದ್ರು.
ಯಾರ ಹೆಸರು ಅಂತ ಹೇಳಲಿಲ್ಲ.

ಗಂಟಲಾಗ ಕಫ, ಆದರೂ ಹಳೆ ದನಿ ಎಲ್ಲಿಂದಲೋ ಬಂತು.
ದುರುಗಮ್ಮನ ಹೆಸರು ಕೂಗಿದೆ, ಮೂರು ಸಲ.
ಬಿಳಿ ಉಡುಪಿನ ಹುಡುಗ ಗಾಬರಿಯಾಗಿ ಒಳಗ ಬಂದು
ಅವರ ಕಿವಿಯಾಗ ಏನೋ ಹೇಳಿದ.
ಸಾಹೇಬ್ರು ಬಾಗಿಲ ಕಡೆ ಇನ್ನೊಂದು ನಿಮಿಷ ನೋಡಿದ್ರು.

ಹೆಲಿಕಾಪ್ಟರು ನಮ್ಮ ಓಣಿ ಮ್ಯಾಲ ಹಾದು ಹೋತು.
ಮನಿಗೆ ಬಂದಾಗ ಅಂಗಳದಾಗ ಒಣ ಹಾಕಿದ ಮೆಣಸಿನಕಾಯಿ
ಎಲ್ಲಾ ಕಡೆ ಹಾರಿಬಿದ್ದಿದ್ವು.
ಹೆಂಡತಿ ಬೈಕೋತ ಆರಿಸಾಕತ್ತಿದ್ದಳು.
ನಾನೂ ಕುಂತೆ.